ಬೆಂಗಳೂರಾ? ಹೋ, ಪಾಪ!

ಮಂಗಳೂರಿನ ಮದುವೆ ಹಾಲುಗಳಲ್ಲಿ ಮುಹೂರ್ತ ಮುಗಿದು ಊಟಕ್ಕೆ ಎಲೆ ಬೀಳುವ ತನಕ ಒಂದು ಅರ್ಧ ಗಂಟೆ ಉಂಟು. ಫೋಟೋದವರು ಮದುಮಕ್ಕಳನ್ನು ಇನ್ನೂ ಬಿಟ್ಟಿರುವುದಿಲ್ಲ. ಕೆಳಗಿನ ಹಾಲಿನಿಂದ ಸಾಂಬಾರಿನ ಪರಿಮಳ ಮೇಲೆ ಬರಲು ಶುರುವಾಗಿರುತ್ತದೆ. ಯಾರಿಗೂ ಮಾಡಲು ಕೆಲಸವಿಲ್ಲ. ಪಕ್ಕದ ಕುರ್ಚಿಯವರು ನಮ್ಮ ಕಡೆ ತಿರುಗುವುದು ಆಗಲೇ.

"ಮಗ ಈಗ ಎಲ್ಲಿರುವುದು?"

"ಬೆಂಗಳೂರಲ್ಲಿ."

"ಹೋ, ಪಾಪ!"

ಆಮೇಲಿನ ಐದು ನಿಮಿಷ ಬೆಂಗಳೂರಿನ ಟ್ರಾಫಿಕ್ಕು, ಬಾಡಿಗೆ, ಟ್ಯಾಂಕರ್ ನೀರು, ಒಳ್ಳೆಯ ಮೀನು ಸಿಗದಿರುವುದು, ಸಿಕ್ಕಿದರೂ ಅದು ನಿನ್ನೆಯದ್ದಾಗಿರುವುದು. ಇನ್ನೊಂದು ಮದುವೆಯಲ್ಲಿ ಇದೇ ಪ್ರಶ್ನೆಗೆ "ಇಲ್ಲೇ ಮಾರಾಯ್ರೆ, ಮನೆಯಲ್ಲೇ ಇದ್ದಾನೆ" ಎಂದು ಹೇಳಿ ನೋಡಿ. ಎರಡು ಕ್ಷಣ ಮಾತಿಲ್ಲ. ಮತ್ತೆ ದನಿ ಸ್ವಲ್ಪ ತಗ್ಗುತ್ತದೆ. "ಎಂತ, ಬೇರೆ ಎಲ್ಲಿಯೂ ಆಗ್ಲಿಲ್ವಾ?"

ಹೋದವನಿಗೂ ಪಾಪ, ಉಳಿದವನಿಗೂ ಪಾಪ. ಸುಮಾರು ಮೂವತ್ತು ವರ್ಷಗಳಿಂದ ಈ ಎರಡು ಮಾತುಗಳನ್ನು ಕೇಳುತ್ತಾ ಬಂದಿದ್ದೇನೆ, ಆಡಿಯೂ ಇದ್ದೇನೆ. ಮೊದಮೊದಲು ಇದು ನಮ್ಮವರ ಬೂಟಾಟಿಕೆ ಎಂದು ತೋರುತ್ತಿತ್ತು. ಈಗ ಹಾಗನಿಸುವುದಿಲ್ಲ. ಎರಡೂ ಮಾತು ನಿಜವೇ. ಒಂದನ್ನು ಅಪ್ಪ ತನ್ನ ಕಣ್ಣಿನಿಂದ ನೋಡಿ ಹೇಳುತ್ತಾನೆ, ಇನ್ನೊಂದನ್ನು ಮಗನ ಕಣ್ಣಿನಿಂದ ನೋಡಿ ಹೇಳುತ್ತಾನೆ, ಅಷ್ಟೇ.

ವರ್ಷಕ್ಕೆ ಎರಡು ಸಲವಾದರೂ ಈ ಜಗಳಕ್ಕೆ ಎಣ್ಣೆ ಹೊಯ್ಯುವ ಪಟ್ಟಿಯೊಂದು ನಮ್ಮ ಫೋನುಗಳಿಗೆ ಬಂದು ಬೀಳುತ್ತದೆ. 2017ರಲ್ಲಿ ನಂಬಿಯೋ ಎಂಬ ಜಾಲತಾಣದ ಜೀವನಮಟ್ಟದ ಪಟ್ಟಿಯಲ್ಲಿ ಮಂಗಳೂರು ಜಗತ್ತಿನ ಮೊದಲ ಐವತ್ತರೊಳಗೆ ಬಂದಾಗ ಊರೆಲ್ಲ ಹಂಚಿಕೊಂಡಿತು. ಬೆಂಗಳೂರಿನಲ್ಲಿರುವ ತಮ್ಮಂದಿರಿಗೆ ಇಲ್ಲಿಯ ಅಣ್ಣಂದಿರು ಕಳುಹಿಸಿದರು, ಕೆಳಗೆ ಎರಡು ನಗುವ ಮುಖ ಹಾಕಿ. 2021ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರದ ಸುಲಲಿತ ಜೀವನ ಸೂಚ್ಯಂಕ ಬಂದಾಗ ತಮ್ಮಂದಿರ ಸರದಿ. ಹತ್ತು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ಬೆಂಗಳೂರಿಗೇ ಮೊದಲ ಸ್ಥಾನ. ಅದಕ್ಕಿಂತ ಸಣ್ಣ ನಗರಗಳ ಪಟ್ಟಿಯಲ್ಲಿ ಶಿಮ್ಲಾ ಮೊದಲು, ಭುವನೇಶ್ವರ ಎರಡನೆಯದು, ನಮ್ಮ ರಾಜ್ಯದಿಂದ ದಾವಣಗೆರೆ ಒಂಬತ್ತನೆಯದು. ಬೆಣ್ಣೆದೋಸೆ ಹತ್ತರೊಳಗೆ ಬಂತು, ನೀರುದೋಸೆ ಬರಲಿಲ್ಲ. ಆ ವಾರ ನಮ್ಮಲ್ಲಿ ಯಾರೂ ಏನನ್ನೂ ಹಂಚಿಕೊಳ್ಳಲಿಲ್ಲ.

ಈ ಪಟ್ಟಿಗಳನ್ನು ಹೇಗೆ ಮಾಡುತ್ತಾರೆಂದು ಒಮ್ಮೆ ಕೂತು ನೋಡಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ನಂಬಿಯೋ ಸರ್ಬಿಯಾದಿಂದ ನಡೆಯುವ ಖಾಸಗಿ ತಾಣ. ಅದರವರು ಯಾರೂ ಹಂಪನಕಟ್ಟೆಗೆ ಬಂದು ಚರಂಡಿ ನೋಡಿದವರಲ್ಲ. ತಾಣಕ್ಕೆ ಬಂದವರು ತಮ್ಮ ಊರಿನ ಬಗ್ಗೆ ತುಂಬಿದ ಉತ್ತರಗಳನ್ನು ಕೂಡಿಸಿ ಕಳೆದು ಅಂಕ ಕೊಡುತ್ತಾರೆ. ಇಂಗ್ಲಿಷು, ಇಂಟರ್ನೆಟ್ಟು, ಬಿಡುವು ಮೂರೂ ಇರುವವರು ಮಾತ್ರ ಇಂಥದ್ದನ್ನೆಲ್ಲ ತುಂಬುವುದು. ಮಂಗಳೂರಿನ ಬಗ್ಗೆ ಅಷ್ಟು ಪ್ರೀತಿಯಿಂದ ತುಂಬಿದವರಲ್ಲಿ ಎಷ್ಟು ಮಂದಿ ಆ ಹೊತ್ತಿಗೆ ದುಬೈಯಲ್ಲಿ ಕೂತಿದ್ದರೋ ಎಂದು ನನಗೊಂದು ಗುಮಾನಿ.

ಸರಕಾರದ ಸೂಚ್ಯಂಕ ಇನ್ನಷ್ಟು ಶಿಸ್ತಿನದು. ಒಟ್ಟು 111 ನಗರಗಳು. ನೂರು ಅಂಕದಲ್ಲಿ 35 ಜೀವನಮಟ್ಟಕ್ಕೆ, 20 ಸುಸ್ಥಿರತೆಗೆ, 30 ನಾಗರಿಕರ ಅಭಿಪ್ರಾಯಕ್ಕೆ, ಉಳಿದ 15 ಆರ್ಥಿಕ ಸಾಮರ್ಥ್ಯಕ್ಕೆ. ಈ ಹದಿನೈದನ್ನು ಸ್ವಲ್ಪ ನೋಡಿ. ನಮ್ಮ ಮನೆಗಳಲ್ಲಿ ಹುಡುಗ ಎಲ್ಲಿಗೆ ಹೋಗಬೇಕೆಂದು ನಿಶ್ಚಯವಾಗುವಾಗ ಕೆಲಸಕ್ಕೆ ನೂರರಲ್ಲಿ ತೊಂಬತ್ತು ಅಂಕ. ಉಳಿದ ಹತ್ತು ಅಂಕ ಅಲ್ಲಿ ಚಿಕ್ಕಮ್ಮನ ಮನೆ ಹತ್ತಿರ ಉಂಟೋ ಇಲ್ಲವೋ ಎನ್ನುವುದಕ್ಕೆ.

ಲಂಡನ್ನಿನ ಎಕನಾಮಿಸ್ಟ್ ಬಳಗದವರ ಜಾಗತಿಕ ಪಟ್ಟಿಯೂ ಒಂದುಂಟು. ವಿಯೆನ್ನಾ ಮೂರು ವರ್ಷ ಸತತ ಮೊದಲು ನಿಂತು 2025ರಲ್ಲಿ ಕೋಪನ್‌ಹೇಗನ್‌ಗೆ ಜಾಗ ಬಿಟ್ಟುಕೊಟ್ಟಿತಲ್ಲ, ಅದೇ. ಅಂಥ ಪಟ್ಟಿಗಳ ಮೂಲ ಉಪಯೋಗ ಬೇರೆಯೇ. ಕಂಪೆನಿಗಳು ತಮ್ಮ ನೌಕರರನ್ನು ದೂರದ ಊರಿಗೆ ಕಳಿಸುವಾಗ, ಆ ಊರು ಎಷ್ಟು ಕಷ್ಟದ್ದು, ಅದಕ್ಕೆ ಎಷ್ಟು ಕಷ್ಟಭತ್ಯೆ ಕೊಡಬೇಕು ಎಂಬ ಲೆಕ್ಕಕ್ಕೆ ಅವು ಬೇಕಾಗುತ್ತವೆ. ಅಂದರೆ ಅವು ಹೋಗಿ ಬರುವವನ ಲೆಕ್ಕ, ಹುಟ್ಟಿ ಬೆಳೆದವನದ್ದಲ್ಲ. ಎಪ್ಪತ್ತರ ದಶಕದಲ್ಲಿ ಗಲ್ಫಿಗೆ ಹೋದ ನಮ್ಮವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಐವತ್ತು ಡಿಗ್ರಿ ಬಿಸಿಲು, ಒಂದೇ ಕೋಣೆಯಲ್ಲಿ ಆರು ಜನ. ಭತ್ಯೆ ಊರಿನಲ್ಲಿ ಆರ್‌ಸಿಸಿ ಮನೆಯಾಗಿ ಎದ್ದು ನಿಲ್ಲುತ್ತಿತ್ತು.

ಈ ಊರು ತನ್ನನ್ನು ಯಾವುದರ ಜತೆ ಹೋಲಿಸಿಕೊಳ್ಳುತ್ತದೆ ಎನ್ನುವುದು ಕಾಲಕಾಲಕ್ಕೆ ಬದಲಾಗಿದೆ. 1956ರ ತನಕ ನಾವು ಮದ್ರಾಸಿಗೆ ಸೇರಿದವರು. ದೊಡ್ಡ ಓದು, ದೊಡ್ಡ ಕೋರ್ಟು, ದೊಡ್ಡ ಆಸ್ಪತ್ರೆ ಎಂದರೆ ಮದ್ರಾಸು. ಹೊಟ್ಟೆಪಾಡಿಗೆ ಮಾತ್ರ ಬೊಂಬಾಯಿ. ಬಂದರಿನಿಂದ ಹಡಗು ಹತ್ತಿದರೆ ಸಮುದ್ರದ ದಾರಿ, ಮಳೆಗಾಲದಲ್ಲಿ ಅದೂ ಬಂದ್. 1907ರಲ್ಲಿ ರೈಲು ಬಂತಾದರೂ ಅದು ಬಂದದ್ದು ಕಲ್ಲಿಕೋಟೆ ಕಡೆಯಿಂದ. ರೈಲಿನಲ್ಲಿ ಬೊಂಬಾಯಿಗೆ ಹೋಗುವವನು ಮೊದಲು ತೆಂಕು ದಿಕ್ಕಿಗೆ ಹೋಗಿ, ಅರ್ಧ ದಕ್ಷಿಣ ಭಾರತ ಸುತ್ತಿ ಬಡಗಿಗೆ ತಿರುಗಬೇಕಿತ್ತು. ಇದು 1998ರಲ್ಲಿ ಕೊಂಕಣ ರೈಲು ಪೂರ್ತಿ ಶುರುವಾಗುವ ತನಕವೂ ನಡೆದ ಕತೆ. ಆದರೂ ಹೋದರು. ಮೊಗವೀರರು 1902ರಲ್ಲೇ ಅಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡಿದ್ದರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಕನ್ನಡದಲ್ಲಿ ಓದಿದ ಹುಡುಗರು ಮುಂದೆ ಅದೇ ಬೀದಿಯಲ್ಲಿ ಹೋಟೆಲು ಹಾಕಿದರು. ಮಾಟುಂಗಾದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ನನ್ನ ದೊಡ್ಡಪ್ಪನೊಬ್ಬರು ಬೊಂಬಾಯಿಂದ ಬರುವಾಗ ತರುತ್ತಿದ್ದ ಹಲ್ವದ ಡಬ್ಬಿ ನಮ್ಮ ಮನೆಯಲ್ಲಿ ಆಮೇಲೆ ಸೂಜಿ ನೂಲಿಡುವ ಡಬ್ಬಿಯಾಗಿ ಇಪ್ಪತ್ತು ವರ್ಷ ಬಾಳಿತು. ಅವರ ಬಾಯಲ್ಲಿ ಯಾವತ್ತೂ ಎರಡೇ ಊರು: ಒಂದು "ಬೊಂಬಾಯಿ", ಇನ್ನೊಂದು "ಊರು". ಬೆಂಗಳೂರು ಎಂಬ ಊರಿದೆ ಎನ್ನುವುದು ಅವರಿಗೆ ರೇಡಿಯೋ ವಾರ್ತೆಯಿಂದ ಮಾತ್ರ ಗೊತ್ತಿತ್ತೆಂದು ಕಾಣುತ್ತದೆ.

ಇಲ್ಲಿಂದ ಎದ್ದು ಹೋಗುವುದಕ್ಕೆ ಮನುಷ್ಯರೇ ಆಗಬೇಕೆಂದೂ ಇಲ್ಲ. ಕನ್ನಡದ ಮೊದಲ ಪತ್ರಿಕೆ ಎಂದು ನಾವು ಎದೆ ತಟ್ಟಿ ಹೇಳುವ 'ಮಂಗಳೂರ ಸಮಾಚಾರ' 1843ರ ಜುಲೈ ಒಂದರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಕೈಯಿಂದ ಇಲ್ಲಿ ಹೊರಬಂತು. ಮರುವರ್ಷವೇ ಅದು ಬಳ್ಳಾರಿಗೆ ಹೋಯಿತು. ಇಲ್ಲಿದ್ದದ್ದು ಕಲ್ಲಚ್ಚು, ಅಲ್ಲಿತ್ತು ಅಚ್ಚುಮೊಳೆಯ ಮುದ್ರಣ. ಹೋದ ಮೇಲೆ ಹೆಸರನ್ನೂ ಬದಲಿಸಿಕೊಂಡು 'ಕನ್ನಡ ಸಮಾಚಾರ' ಆಯಿತು. ಒಳ್ಳೆಯ ಅವಕಾಶ ಸಿಕ್ಕಿ ಘಟ್ಟ ಹತ್ತಿ, ಹೆಸರಿನಿಂದ ಊರನ್ನು ಕಿತ್ತು ಹಾಕಿದ ಮೊದಲ ಮಂಗಳೂರಿಗ ಈ ಪತ್ರಿಕೆಯೇ ಇರಬೇಕು.

ಆದರೆ ಬೆಂಗಳೂರಿನ ಮೇಲೆ ನಮಗಿರುವ ನಿಜವಾದ ಹೊಟ್ಟೆಯುರಿ ಟ್ರಾಫಿಕ್ಕಿನದ್ದೂ ಅಲ್ಲ, ಪತ್ರಿಕೆಯದ್ದೂ ಅಲ್ಲ. ಅದು ಬ್ಯಾಂಕಿನದ್ದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮಂಗಳೂರು ಉಡುಪಿಗಳ ನಡುವಿನ ಅರುವತ್ತು ಕಿಲೋಮೀಟರಿನೊಳಗೆ ಇಪ್ಪತ್ತೈದು ವರ್ಷಗಳಲ್ಲಿ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದವು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳ್ತನದಲ್ಲಿ ಕಾರ್ಪೊರೇಶನ್. 1924ರಲ್ಲಿ ಮಂಗಳೂರಿನಲ್ಲೇ ಕರ್ಣಾಟಕ ಬ್ಯಾಂಕ್. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್. 1931ರಲ್ಲಿ ಮತ್ತೆ ಮಂಗಳೂರಿನಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರು ಮತ್ತು ಜತೆಗಾರರ ವಿಜಯಾ. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಶುರು ಮಾಡಿ, ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಂಡು ಹೋಗುತ್ತಿದ್ದರು. ಇಲ್ಲಿ ದೊಡ್ಡ ಜಮೀನ್ದಾರರಿರಲಿಲ್ಲ, ರಾಜರಿರಲಿಲ್ಲ. ಮೀನು, ಹಂಚು, ಅಡಿಕೆ, ಗೋಡಂಬಿ, ಬೀಡಿ, ಬೊಂಬಾಯಿಯ ಮನಿಯಾರ್ಡರು, ಇವುಗಳ ಚಿಲ್ಲರೆ ದುಡ್ಡೇ ಬ್ಯಾಂಕುಗಳಾಯಿತು.

ನಮ್ಮ ತಾಯಂದಿರ ಕಾಲಕ್ಕೆ ಒಳ್ಳೆಯ ಅಳಿಯನೆಂದರೆ ಬ್ಯಾಂಕಿನಲ್ಲಿರುವವನು. ಬ್ಯಾಂಕಿನ ಕೆಲಸವೆಂದರೆ ಊರಿನಲ್ಲೇ ಇದ್ದು, ಊರಿನ ಮೀನು ತಿಂದು, ಊರಿನ ಹೊರಗಿನ ಸಂಬಳ ತೆಗೆದುಕೊಳ್ಳುವುದು. ಹೀಗೆ ಬದುಕಲು ಮಂಗಳೂರಿಗನಿಗೆ ಚರಿತ್ರೆಯಲ್ಲಿ ಸಿಕ್ಕಿದ್ದು ಒಂದೇ ಅವಕಾಶ, ಅದೂ ಎರಡು ತಲೆಮಾರಿಗೆ. 1969ರಲ್ಲಿ ಕೆನರಾ, ಸಿಂಡಿಕೇಟ್, 1980ರಲ್ಲಿ ಕಾರ್ಪೊರೇಶನ್, ವಿಜಯಾ ರಾಷ್ಟ್ರೀಕರಣಗೊಂಡವು. ದೇಶಕ್ಕೆ ಅದರಿಂದ ಒಳ್ಳೆಯದೇ ಆಯಿತೆಂದು ನಾನೂ ಒಪ್ಪುತ್ತೇನೆ. ಅಳಿಯಂದಿರಿಗೆ ಮಾತ್ರ ಗೋರಖ್‌ಪುರ, ಕಟಕ್, ಜಲಂಧರಕ್ಕೆ ವರ್ಗವಾಗತೊಡಗಿತು. ಕೆನರಾ, ವಿಜಯಾ ಬ್ಯಾಂಕುಗಳ ಕೇಂದ್ರ ಕಚೇರಿಗಳು ಬೆಂಗಳೂರಿನಲ್ಲಿ ನೆಲೆ ನಿಂತವು. ಕೊನೆಗೆ 2019ರ ಏಪ್ರಿಲ್ ಒಂದಕ್ಕೆ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ ಕರಗಿತು. ಮರುವರ್ಷ ಅದೇ ತಾರೀಖಿಗೆ ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ ಸೇರಿತು. ಐದರಲ್ಲಿ ಈಗ ಮಂಗಳೂರಿನಲ್ಲಿ ಮುಖ್ಯ ಕಚೇರಿ ಇರುವುದು ಕರ್ಣಾಟಕ ಬ್ಯಾಂಕಿನದ್ದು ಮಾತ್ರ. ತಮಾಷೆಯೆಂದರೆ, ನಮ್ಮ ಸಿಟಿ ಬಸ್ಸುಗಳು ಹೋಗಿ ನಿಲ್ಲುವ ಮುಖ್ಯ ಸ್ಟ್ಯಾಂಡಿಗೆ ಜನ ಇವತ್ತಿಗೂ ಹೇಳುವುದು "ಸ್ಟೇಟ್‌ಬ್ಯಾಂಕ್" ಎಂದೇ. ಐದು ಬ್ಯಾಂಕು ಹೆತ್ತ ಊರಿನಲ್ಲಿ ಕಂಡಕ್ಟರನ ಬಾಯಲ್ಲಿ ಉಳಿದದ್ದು ಆರನೆಯದು, ಹೊರಗಿನದ್ದು.

ಇದಕ್ಕೆ ಬೆಂಗಳೂರಿಗರನ್ನು ಬೈದು ಏನೂ ಪ್ರಯೋಜನವಿಲ್ಲ. ಬೈಯುವಂತೆಯೂ ಇಲ್ಲ. 1924ರಲ್ಲಿ ಮಾವಳ್ಳಿ ಟಿಫಿನ್ ರೂಮ್ ತೆರೆದ ಮಯ್ಯರು ಕೋಟದ ಹತ್ತಿರದ ಪಾರಂಪಳ್ಳಿಯವರು. ಬಸವನಗುಡಿಯವರು "ನಮ್ಮ ಬೆಂಗಳೂರಿನ ದೋಸೆ" ಎನ್ನುವಾಗ ನಮ್ಮವರ ಮುಖದಲ್ಲಿ ಬರುವ ಸಣ್ಣ ನಗು ನೋಡಬೇಕು. ಹಾಗೆ ನೋಡಿದರೆ ಇವತ್ತಿನ ಬೆಂಗಳೂರಿನ ಬಡಾವಣೆಗಳ ತುಂಬ ಇರುವ ಮಂಗಳೂರು ಸ್ಟೋರುಗಳಲ್ಲಿ ಕುಚ್ಚಲಕ್ಕಿ, ಕೋರಿರೊಟ್ಟಿ, ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ಎಲ್ಲ ಸಿಗುತ್ತದೆ. ಅಲ್ಲೂ ಒಂದು ಒಳಜಗಳ ಉಂಟು. ಮಾಲೀಕ ಕುಂದಾಪುರದವನಾದರೆ ಮಂಗಳೂರಿನವರಿಗೆ ಅವನ ಮಸಾಲೆಯ ಮೇಲೆ ನಂಬಿಕೆ ಕಮ್ಮಿ.

ಉಡುಪಿಯ ವಿಷಯವೇ ಬೇರೆ. 1997ರಲ್ಲಿ ಜಿಲ್ಲೆ ಎರಡಾಯಿತು. ಪಿಯುಸಿ ಫಲಿತಾಂಶದಲ್ಲಿ 2024ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಮೊದಲು, ನಾವು ಎರಡನೆಯವರು. ರಾಜ್ಯದ ಬೇರೆಯವರಿಗೆ ಈ ಜಗಳ ಅಣ್ಣ ತಮ್ಮ ಸೇರಿ ಮನೆಯ ಕಪಾಟಿಗೆ ಕಪ್ಪು ಜೋಡಿಸಿದಂತೆ ಕಾಣುತ್ತದೆ. ನಮಗೆ ಅದು ಗಂಭೀರ ವಿಷಯ. ಆದರೆ ಮೊದಲು ಬಂದ ಮಗುವೂ ಎರಡನೆಯದು ಬಂದ ಮಗುವೂ ಮೂರು ವರ್ಷ ಕಳೆದರೆ ಸಿಗುವುದು ಎಲೆಕ್ಟ್ರಾನಿಕ್ ಸಿಟಿಯ ಒಂದೇ ಪಿಜಿಯಲ್ಲಿ.

ವಿಷಯ ನಿಜವಾಗಿ ಇರುವುದು ಇಲ್ಲಿ. ಮಂಗಳೂರು ಓದಲು ಒಳ್ಳೆಯ ಊರು. 1880ರ ಅಲೋಶಿಯಸ್ ಕಾಲೇಜಿನಿಂದ ಹಿಡಿದು 1960ರಲ್ಲಿ ಸುರತ್ಕಲ್ಲಿನಲ್ಲಿ ಶುರುವಾದ ಇಂಜಿನಿಯರಿಂಗ್ ಕಾಲೇಜು, ಈಗಿನ ಎನ್‌ಐಟಿಕೆ ತನಕ, ಎಣಿಸಿದಷ್ಟೂ ಕಾಲೇಜು. ಮುಪ್ಪಿಗೂ ಒಳ್ಳೆಯ ಊರು. ಐದು ಲಕ್ಷ ಜನರ ಊರಿಗೆ ಇಷ್ಟೊಂದು ಮೆಡಿಕಲ್ ಕಾಲೇಜು ಆಸ್ಪತ್ರೆಗಳು ದೇಶದಲ್ಲಿ ಬೇರೆಲ್ಲಾದರೂ ಇದ್ದರೆ ನಾನು ನೋಡಿಲ್ಲ. ಇಪ್ಪತ್ತೆರಡಕ್ಕೆ ಮೊದಲು, ಅರುವತ್ತರ ನಂತರ ಇಲ್ಲಿ ಬದುಕು ಸೊಗಸು. ನಡುವಿನ ಮೂವತ್ತೆಂಟು ವರ್ಷ ಎಲ್ಲಿ ಕಳೆಯುವುದು? ಪಟ್ಟಿ ಮಾಡುವವರು ಊರಿನ ಎಲ್ಲ ವಯಸ್ಸಿನವರನ್ನು ಒಟ್ಟಿಗೆ ಕೂರಿಸಿ ಸರಾಸರಿ ತೆಗೆಯುತ್ತಾರೆ. ಮಂಗಳೂರಿಗೆ ಸರಾಸರಿ ವಯಸ್ಸೇ ಇಲ್ಲ. ಹೊರಗೆ ದುಡಿದದ್ದು ಇಲ್ಲಿಗೆ ಬರುವುದರಿಂದ ಊರು ಬಡವಾಗಿಯೂ ಕಾಣುವುದಿಲ್ಲ. ರಾಜ್ಯದ ಆರ್ಥಿಕ ಸಮೀಕ್ಷೆಗಳಲ್ಲೂ ತಲಾ ಆದಾಯದಲ್ಲಿ ಬೆಂಗಳೂರು ನಗರ ಜಿಲ್ಲೆಯ ಬೆನ್ನಿಗೇ ದಕ್ಷಿಣ ಕನ್ನಡ ನಿಂತಿರುತ್ತದೆ. 1975ರಲ್ಲಿ ಉದ್ಘಾಟನೆಯಾದ ಪಣಂಬೂರಿನ ನವಮಂಗಳೂರು ಬಂದರು, ರಸಗೊಬ್ಬರ ಕಾರ್ಖಾನೆ, ತೈಲ ಸಂಸ್ಕರಣಾಗಾರ ಎಲ್ಲ ಇಲ್ಲಿವೆ. ಅಂಥ ಕಡೆ ಕೋಟಿಗಟ್ಟಲೆ ರೂಪಾಯಿಯ ಯಂತ್ರದ ಮುಂದೆ ಒಬ್ಬ ಮನುಷ್ಯ ಸಾಕು. ಎಂಟು ಜನರಿಗೆ ಎಂಟು ಲ್ಯಾಪ್‌ಟಾಪು ಬೇಕಾಗುವ ಕೆಲಸ ಘಟ್ಟದ ಮೇಲೆ ನಿಂತಿತು. ಇನ್ಫೋಸಿಸ್ ತೊಂಬತ್ತರ ದಶಕದಲ್ಲೇ ಕೊಟ್ಟಾರದಲ್ಲಿ ಕಚೇರಿ ತೆರೆದದ್ದು ನಿಜ, ಆದರೆ ಅದರ ಹಿಂದೆ ಬೇಕಾದ ನೂರು ಕಂಪೆನಿಗಳ ಸಾಲು ಬರಲಿಲ್ಲ.

ಬರದೇ ಇರುವುದಕ್ಕೆ ಘಟ್ಟವೂ ಒಂದು ಕಾರಣ. ಬೆಂಗಳೂರಿಗೆ ಸುಮಾರು 350 ಕಿಲೋಮೀಟರು, ನಡುವೆ ಶಿರಾಡಿ. 1979ರಲ್ಲಿ ಹಾಸನದಿಂದ ಮೀಟರ್‌ಗೇಜ್ ರೈಲು ಇಳಿದು ಬಂತು. 1996ರಲ್ಲಿ ಅದನ್ನು ಬ್ರಾಡ್‌ಗೇಜ್ ಮಾಡುತ್ತೇವೆಂದು ಮುಚ್ಚಿದರು. ಜನ ಮತ್ತೆ ರೈಲಿನಲ್ಲಿ ಕೂತದ್ದು 2007ರ ಡಿಸೆಂಬರಿನಲ್ಲಿ. ಬೆಂಗಳೂರು ಸಾಫ್ಟ್‌ವೇರಿನ ಊರಾಗಿ ಊದಿಕೊಂಡದ್ದು ಸರಿಯಾಗಿ ಆ ಹನ್ನೊಂದು ವರ್ಷಗಳಲ್ಲೇ, ನಮಗೂ ಅದಕ್ಕೂ ನಡುವೆ ರೈಲೇ ಇಲ್ಲದಾಗ. ಇವತ್ತಿಗೂ ಮಳೆಗಾಲದಲ್ಲಿ ಗುಡ್ಡ ಜರಿದರೆ ರಸ್ತೆಯೂ ರೈಲೂ ಒಟ್ಟಿಗೆ ಬಂದ್, 2024ರ ಜುಲೈಯಲ್ಲಿ ಆದಂತೆ. ರೈಲಿನ ಆಡಳಿತ ಕೇಳಿದರೆ ನಗು ಬರುತ್ತದೆ. ಮಂಗಳೂರು ಸೆಂಟ್ರಲ್ ಸ್ಟೇಶನ್ನಿನ ಯಜಮಾನರು ಪಾಲಕ್ಕಾಡಿನಲ್ಲಿ, ಘಟ್ಟದ ದಾರಿಯವರು ಮೈಸೂರಿನಲ್ಲಿ, ತೋಕೂರಿನಿಂದ ಬಡಗು ದಿಕ್ಕಿನದ್ದು ಕೊಂಕಣ ರೈಲ್ವೆಯದ್ದು. ಒಂದು ಊರು, ಮೂರು ಧಣಿಗಳು.

ಘಟ್ಟ ಹತ್ತಿದವರ ಸಾಲಿಗೆ ಈಗ ನೀರೂ ಸೇರಿದೆ. ನೇತ್ರಾವತಿಗೆ ಬಂದು ಸೇರುವ ಎತ್ತಿನಹೊಳೆ ಮೊದಲಾದ ತೊರೆಗಳಿಂದ 24 ಟಿಎಂಸಿ ನೀರೆತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಒಯ್ಯುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿತು. ಇಲ್ಲಿ ಎಷ್ಟೋ ವರ್ಷ ಅದರ ವಿರುದ್ಧ ಮೆರವಣಿಗೆ ನಡೆದಿತ್ತು. ಅಲ್ಲಿಯವರ ಬಾಯಾರಿಕೆ ಸುಳ್ಳಲ್ಲ. ನಮ್ಮ ಸಿಟ್ಟೂ ಸುಳ್ಳಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಊರಿನಲ್ಲಿ 2019ರ ಮೇ ತಿಂಗಳು ತುಂಬೆ ಅಣೆಕಟ್ಟು ತಳ ಕಂಡು, ನಲ್ಲಿಗೆ ಪಾಳಿಯ ಮೇಲೆ ನೀರು ಬಿಡಬೇಕಾಗಿ ಬಂದಿತ್ತು.

ಇಷ್ಟು ಹೇಳಿ ಹೀಗೇ ಮುಂದುವರಿದರೆ ನಾನೂ ಮದುವೆ ಹಾಲಿನ ಕುರ್ಚಿಯವನೇ ಆಗುತ್ತೇನೆ. ಅದೇ 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಜಾರಿ ಕೆಳಗಿನ ಮಂದಾರದ ಮನೆ ತೋಟಗಳ ಮೇಲೆ ಬಂದು ಕೂತಿತು. ಬೆಂಗಳೂರಿನ ಕಸದ ಬಗ್ಗೆ ಕೊಂಕಾಡುವ ನಾವು ನಮ್ಮ ಕಸ ಅಡಿಕೆ ತೋಟಗಳ ಮೇಲೆ ನಡೆದು ಹೋದದ್ದನ್ನು ಕಂಡೆವು. ಟ್ರಾಫಿಕ್ಕು ಅಂದಿರಾ? ಟಾಮ್‌ಟಾಮ್ ಕಂಪೆನಿಯ ಲೆಕ್ಕದಲ್ಲಿ 2024ರಲ್ಲಿ ಬೆಂಗಳೂರಿನ ನಡುವೆ ಹತ್ತು ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ. ಸಂಜೆ ಆರಕ್ಕೆ ಹಂಪನಕಟ್ಟೆಯಿಂದ ಪಂಪ್‌ವೆಲ್‌ಗೆ ಒಮ್ಮೆ ಕಾರಿನಲ್ಲಿ ಹೋಗಿ ಬಂದು ಮಾತಾಡಿ.

ಇನ್ನೊಂದು ವಿಷಯ ಪಟ್ಟಿಗಳಲ್ಲಿ ಯಾವ ಕಾಲಮಿನಲ್ಲಿ ಬರಬೇಕೋ ನನಗೆ ತಿಳಿಯುವುದಿಲ್ಲ. "ಮಂಗಳೂರು ಸೇಫ್" ಎನ್ನುತ್ತಾರೆ. ನಾನೂ ಹೇಳಿದ್ದೇನೆ. ಸೇಫ್ ಯಾಕೆಂದರೆ ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಮಗಳು ರಾತ್ರಿ ಒಂಬತ್ತಕ್ಕೆ ಬಸ್ಸಿಳಿದರೆ ಅಂಗಡಿಯವರು "ಇವರ ಮಗಳಲ್ವಾ" ಎಂದು ನೋಡುತ್ತಿರುತ್ತಾರೆ, ಅಪ್ಪನಿಗೆ ಧೈರ್ಯ. ಆದರೆ ಅದೇ ಮಗಳು ಕಾಲೇಜಿನ ಗೆಳೆಯನ ಜತೆ ಐಸ್‌ಕ್ರೀಮ್ ತಿನ್ನಲು ಕೂತರೂ ಅವೇ ಕಣ್ಣುಗಳು ನೋಡುತ್ತಿರುತ್ತವೆ. ಅವುಗಳಲ್ಲಿ ಕೆಲವು ಕಣ್ಣು ಫೋನು ತೆಗೆಯುತ್ತವೆ. ಗೆಳೆಯನ ಹೆಸರು ಬೇರೆ ಧರ್ಮದ್ದಾದರೆ ಗುಂಪು ಸೇರುತ್ತದೆ. 2009ರ ಜನವರಿಯಲ್ಲಿ ಪಬ್ಬಿನಿಂದ ಹುಡುಗಿಯರನ್ನು ಹೊಡೆದು ಓಡಿಸಿದ ದೃಶ್ಯ ದೇಶವೆಲ್ಲ ನೋಡಿತು. ಅದಕ್ಕಿಂತ ಸಣ್ಣ, ಟೀವಿಗೆ ಬಾರದ ಘಟನೆಗಳ ಲೆಕ್ಕ ಇಲ್ಲಿಯ ಪ್ರತಿ ಹಾಸ್ಟೆಲಿನ ಹುಡುಗಿಯರಲ್ಲಿ ಉಂಟು. ನನ್ನ ತಂಗಿಯ ಮಗಳು ಬೆಂಗಳೂರಿನಿಂದ ವಾಪಸು ಬರುವುದಿಲ್ಲ ಎಂದಳು. ಸಂಬಳಕ್ಕಾ ಎಂದು ಕೇಳಿದೆ. "ಅಲ್ಲ ಮಾವ, ಅಲ್ಲಿ ನಾನು ಯಾರ ಮಗಳೂ ಅಲ್ಲ" ಎಂದಳು. ಅವಳ ಅಮ್ಮನಿಗೆ ಆ ಮಾತು ಬೈಗುಳದಂತೆ ಕೇಳಿಸಿತು. ನನಗೆ ಮನೆಗೆ ಹೋದ ಮೇಲೂ ನಿದ್ದೆ ಬರಲಿಲ್ಲ.

ತೆಂಕಿನ ಗಡಿಯಾಚೆಯವರಿಗಾದರೆ ನಾವೇ ಬೆಂಗಳೂರು. ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ರಾಜಧಾನಿ ತಿರುವನಂತಪುರ ಐನೂರು ಕಿಲೋಮೀಟರಿಗೂ ಆಚೆ, ಮಂಗಳೂರು ಅರ್ಧ ಮುಕ್ಕಾಲು ಗಂಟೆ. ಬಟ್ಟೆ, ಬಂಗಾರ, ಕಾಲೇಜು, ಡಯಾಲಿಸಿಸ್ ಎಲ್ಲಕ್ಕೂ ಇಲ್ಲಿಗೇ. 2020ರ ಮಾರ್ಚ್‌ನಲ್ಲಿ ಕೋವಿಡ್ಡಿನ ಹೆಸರಿನಲ್ಲಿ ನಮ್ಮ ಸರಕಾರ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ಆಂಬುಲೆನ್ಸುಗಳು ತಲಪಾಡಿಯಿಂದ ಹಿಂದಕ್ಕೆ ತಿರುಗಿದವು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಬೆಂಗಳೂರು ನಮ್ಮನ್ನು ಕಾಣುವುದಿಲ್ಲ ಎಂದು ಗೋಳಾಡುವ ನಾವು ಅವತ್ತು ಕಾಸರಗೋಡಿನ ಕನ್ನಡಿಗರನ್ನು ಕಂಡ ರೀತಿ ಹೇಳಿಕೊಳ್ಳುವಂಥದ್ದಲ್ಲ.

ಹಾಗೆಯೇ ಧಕ್ಕೆಯಲ್ಲಿ ಬೋಟಿನಿಂದ ಬಂಗುಡೆ ಇಳಿಸುವವರು ಆಂಧ್ರ, ಒಡಿಶಾ, ಜಾರ್ಖಂಡಿನವರು. ಕಟ್ಟಡಗಳ ಮೇಲೆ ಕಾಂಕ್ರೀಟ್ ಹೊರುವವರು ಬಾಗಲಕೋಟೆ, ಗದಗ, ಕೊಪ್ಪಳದವರು. ಇಲ್ಲಿ ಅವರಿಗೆಲ್ಲ ಒಟ್ಟಾಗಿ "ಘಟ್ಟದವರು" ಎಂಬ ಒಂದೇ ಹೆಸರು. ಮಾಟುಂಗಾದಲ್ಲಿ ನಮ್ಮವರಿಗೆಲ್ಲ ಒಂದೇ ಹೆಸರು ಇಟ್ಟ ಹಾಗೆ.

ನಮ್ಮ ಬೀದಿಯ ಕೊನೆಗೆ ಹನ್ನೆರಡು ಮಹಡಿಯ ಒಂದು ಅಪಾರ್ಟ್‌ಮೆಂಟ್ ಎದ್ದು ನಾಲ್ಕು ವರ್ಷವಾಯಿತು. ಹಂಚಿನ ಮಾಡಿನ ಎರಡು ಮನೆ ಕೆಡವಿ ಕಟ್ಟಿದ್ದು. ಫ್ಲ್ಯಾಟುಗಳೆಲ್ಲ ಮಾರಿಹೋಗಿವೆ. ರಾತ್ರಿ ಊಟ ಮುಗಿಸಿ ಅಡ್ಡಾಡಲು ಹೋದಾಗ ನಾನು ಅದರ ಬೆಳಕಿನ ಕಿಟಕಿ ಎಣಿಸುವುದುಂಟು. ನಲುವತ್ತೆಂಟರಲ್ಲಿ ಹನ್ನೊಂದು, ಹಬ್ಬವಿದ್ದರೆ ಹದಿನಾರು. ಮಿಕ್ಕವರು ದುಬೈ, ಮುಂಬೈ, ಬೆಂಗಳೂರು, ಒಬ್ಬರು ನ್ಯೂಜೆರ್ಸಿ. "ಕೊನೆಗೆ ಊರಿಗೇ ಬರುವುದಲ್ವಾ" ಎಂದು ಕೊಂಡವರು. ಬೀಗದ ಕೈಗಳ ದೊಡ್ಡ ಗೊಂಚಲು ಇರುವುದು ವಾಚ್‌ಮನ್ ಬಳಿ. ಅವನು ಮುಂಡರಗಿ ಕಡೆಯವನು. ಕೆಳಗೆ ಪಾರ್ಕಿಂಗಿನ ಮೂಲೆಯ ಒಂದು ಕೋಣೆಯಲ್ಲಿ ಹೆಂಡತಿ, ಮಗನ ಜತೆ ಇದ್ದಾನೆ. ವಾರಕ್ಕೊಮ್ಮೆ ಪ್ರತಿ ಫ್ಲ್ಯಾಟಿನ ಬಾಗಿಲು ತೆಗೆದು, ಎಲ್ಲ ನಲ್ಲಿಗಳನ್ನು ಎರಡೆರಡು ನಿಮಿಷ ಬಿಟ್ಟು, ಫ್ಯಾನು ತಿರುಗಿಸಿ, ಕಪಾಟು ತೆರೆದಿಟ್ಟು ಬರುವುದು ಅವನ ಕೆಲಸ. ಇಲ್ಲದಿದ್ದರೆ ಮಳೆಗಾಲದಲ್ಲಿ ರೇಷ್ಮೆ ಸೀರೆ, ಸೋಫಾ, ಗೋಡೆ ಎಲ್ಲಕ್ಕೂ ಬೂಸು ಹಿಡಿಯುತ್ತದೆ. ಆ ಮನೆಗಳಲ್ಲಿ ಅವುಗಳ ಧಣಿಗಳಿಗಿಂತ ಹೆಚ್ಚು ಹೊತ್ತು ನಿಂತವನು ಅವನೇ.

ಮಗ ಹತ್ತಿರದ ಸರಕಾರಿ ಶಾಲೆಯಲ್ಲಿ ಆರನೆಯ ಕ್ಲಾಸು. ಅಪ್ಪನ ಹತ್ತಿರ ಮುಂಡರಗಿಯ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ, ಕ್ರಿಕೆಟ್ ಆಡುವಾಗ ತಪ್ಪಿಲ್ಲದ ತುಳು. ಮೊನ್ನೆ ಗೇಟಿನ ಹತ್ತಿರ ನಿಂತು ಊರು ಯಾವುದೋ ಎಂದು ಕೇಳಿದೆ. "ಕುಡ್ಲ" ಎಂದ, ಇದೆಂಥ ಪ್ರಶ್ನೆ ಎಂಬ ಹಾಗೆ. ಅಪ್ಪ ಗೊಂಚಲು ಅಲ್ಲಾಡಿಸುತ್ತಾ ನಕ್ಕ. "ಹಂಗ ಅಂತಾನ್ರೀ ಅಂವ. ಶ್ಯಾಣ್ಯಾ ಅದಾನ, ಗಣಿತದಾಗ ಕ್ಲಾಸಿಗೇ ಫಸ್ಟ್." ಮುಂದೆ ಏನು ಓದಿಸುತ್ತೀ ಎಂದೆ.

"ಇಂಜಿನೀಯರಿಂಗ ಮಾಡಸೂದು, ಬೆಂಗ್ಳೂರಿಗಿ ಕಳಸೂದ್ರೀ" ಎಂದ. "ಇಲ್ಲೇನೈತ್ರಿ?"

ಹೋ, ಪಾಪ ಎಂಬ ಮಾತು ನನ್ನ ಬಾಯಿಗೆ ಬಂದೇ ಬಿಟ್ಟಿತ್ತು.